ರಣದಿಂದ ಹಿಂದಿರುಗುವುದು ಅಧರ್ಮವೇ?

ಕೃಷ್ಣಾತೀರದ ಖಿದ್ರಾಪುರವು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿಗೆ ಸೇರಿದ ಒಂದು ಸಣ್ಣ ಗ್ರಾಮವಾಗಿದ್ದರೂ, ಅಲ್ಲಿಯ ಶ್ರೀ ಕೋಪೇಶ್ವರ ದೇವಾಲಯದಿಂದಾಗಿ ಅದರ ಹೆಸರು ದೂರದವರೆಗೆ ಹಬ್ಬಿದೆ. ಇಚಲಕರಂಜಿಯಿಂದ ಪೂರ್ವಕ್ಕೆ ಕುರುಂದವಾಡದ ಮಾರ್ಗವಾಗಿ ಹೋಗುವ ಯಾತ್ರಿಕರು ಅಲ್ಲಿ 48 ಕಂಬಗಳ ತೆರೆದ ಸ್ವರ್ಗಮಂಟಪವನ್ನೂ, ಗುಡಿಯ ಭಾರವನ್ನು ಬೆನ್ನ ಮೇಲೆ ಹೊತ್ತು ನಿಂತಂತೆ ಕೆತ್ತಿದ ಆನೆಗಳ ಸಾಲನ್ನೂ ಕಂಡು ಬೆರಗಾಗುವರು. ಹನ್ನೆರಡನೆಯ ಶತಮಾನದಲ್ಲಿ, ಶಿಲಾಹಾರರ ಆಳಿಕೆಯ ಕಾಲದಲ್ಲಿ ರೂಪುಗೊಂಡ ಈ ಗುಡಿಯನ್ನು 1954ರಲ್ಲಿ ಸಂರಕ್ಷಿತ ಸ್ಮಾರಕವೆಂದು ಸರಕಾರವು ಸಾರಿತು. ಅಲ್ಲಿಯ ಶಾಸನಗಳಲ್ಲಿ ಯಾದವ ಸಿಂಘಣನ ದೇವನಾಗರಿ ಲಿಪಿಯ ಸಂಸ್ಕೃತ ಶಾಸನವೊಂದನ್ನು ಬಿಟ್ಟರೆ ಉಳಿದವು ಕನ್ನಡದವು. ಗರ್ಭಗುಡಿಯಲ್ಲಿ ಎರಡು ಲಿಂಗಗಳಿವೆ. ಸತಿಯ ಮರಣದಿಂದ ಕೋಪಗೊಂಡ ಶಿವನು ಕೋಪೇಶ್ವರನೆಂದೂ, ಆ ಕೋಪವನ್ನು ಶಮನಗೊಳಿಸಲು ಬಂದು ಪಕ್ಕದಲ್ಲಿ ಕುಳಿತ ವಿಷ್ಣುವು ಧೋಪೇಶ್ವರನೆಂದೂ ಜನರು ನಂಬಿ ಪೂಜಿಸುವರು.

ಈ ಗುಡಿ ಏಳುವುದಕ್ಕೆ ಸುಮಾರು ನೂರು ವರ್ಷ ಮೊದಲು ಇದೇ ನದೀತೀರದಲ್ಲಿ ಒಂದು ಘೋರಯುದ್ಧ ನಡೆಯಿತೆಂದು ಇತಿಹಾಸಕಾರರಲ್ಲಿ ಒಂದು ಪಕ್ಷದವರು ಹೇಳುವರು. ಕ್ರಿ. ಶ. 1054ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನಿಗೂ ಚೋಳ ಚಕ್ರವರ್ತಿ ರಾಜಾಧಿರಾಜನಿಗೂ ಕೊಪ್ಪವೆಂಬಲ್ಲಿ ನಡೆದ ಕಾಳಗವದು. ಕೊಪ್ಪವು ಮಹಾನದಿಯೊಂದರ ದಡದಲ್ಲಿತ್ತೆಂದು ಚೋಳರ ಶಾಸನ ಹೇಳುತ್ತದೆ. ಕೃಷ್ಣೆಗೆ ಹಳೆಯ ಕನ್ನಡ ಶಾಸನಗಳಲ್ಲಿ ಪೆರ್ದೊರೆ, ಅಂದರೆ ದೊಡ್ಡ ಹೊಳೆ, ಎಂಬ ಹೆಸರಿರುವುದು. ಶಾಸನತಜ್ಞ ಫ್ಲೀಟರು ಕೊಪ್ಪವನ್ನು ಖಿದ್ರಾಪುರವೆಂದು ಗುರುತಿಸಿದರು. ಬೇರೆ ವಿದ್ವಾಂಸರು ಅದನ್ನು ತುಂಗಭದ್ರೆಯ ಕಡೆಯ ಕೊಪ್ಪಳವೆಂದು ವಾದಿಸಿದರು. ಈ ವಿವಾದ ಮುಗಿದಿಲ್ಲ. ಸ್ಥಳವು ಯಾವುದೇ ಆಗಿರಲಿ, ಆ ಕಾಳಗದ ಕೊನೆಯಲ್ಲಿ ನಡೆದ ಸಂಗತಿಯು ಧರ್ಮವಿಚಾರಕ್ಕೆ ಯೋಗ್ಯವಾದುದು.

ಚಾಲುಕ್ಯರ ಪಡೆ ರಾಜಾಧಿರಾಜನು ಕುಳಿತ ಆನೆಯನ್ನೇ ಗುರಿಯಾಗಿಟ್ಟುಕೊಂಡು ಬಾಣಗಳ ಮಳೆಗರೆಯಿತು. ಚೋಳ ಚಕ್ರವರ್ತಿಯು ಆನೆಯ ಮೇಲೆಯೇ ಮಡಿದನು. ‘ಆನೆಯ ಮೇಲೆ ಮಡಿದ ದೇವ’ ಎಂದೇ ಮುಂದಿನ ತಮಿಳು ಶಾಸನಗಳು ಅವನನ್ನು ನೆನೆಯುತ್ತವೆ. ದೊರೆ ಬಿದ್ದೊಡನೆ ಚೋಳರ ಸೈನ್ಯವು ಎದೆಗೆಟ್ಟಿತು. ಆಗ ತಮ್ಮನಾದ ಎರಡನೆಯ ರಾಜೇಂದ್ರನು ಮುಂದೆ ನುಗ್ಗಿ, ತನ್ನ ತೊಡೆಗೂ ತನ್ನ ಆನೆಯ ನೆತ್ತಿಗೂ ಬಾಣಗಳು ನಾಟಿದರೂ ಹಿಂಜರಿಯದೆ ಕಾದಿದನು. ಸೋಮೇಶ್ವರನ ತಮ್ಮ ಜಯಸಿಂಹನೇ ಮೊದಲಾದ ಚಾಲುಕ್ಯ ನಾಯಕರು ಬಿದ್ದರು. ಸೋಮೇಶ್ವರನು ಉಳಿದ ಸೈನ್ಯದೊಡನೆ ರಣದಿಂದ ಹಿಂದಿರುಗಿದನು. ರಾಜೇಂದ್ರನು ರಣರಂಗದಲ್ಲಿಯೇ ಪಟ್ಟ ಕಟ್ಟಿಸಿಕೊಂಡನು. ಕೊಲ್ಲಾಪುರದಲ್ಲಿ, ಅಂದರೆ ಇಂದಿನ ಕೊಲ್ಹಾಪುರದಲ್ಲಿ, ಜಯಸ್ತಂಭವನ್ನು ನೆಟ್ಟ ಮಾತನ್ನೂ ಚೋಳರು ಶಾಸನದಲ್ಲಿ ಬರೆಯಿಸಿದರು.

ಒಂದೇ ವ್ಯವಹಾರವನ್ನು ಇಬ್ಬರು ತಮ್ಮ ತಮ್ಮ ವಹಿಯಲ್ಲಿ ಬರೆದುಕೊಂಡಾಗ ಎರಡೂ ಲೆಕ್ಕಗಳು ತಾಳೆಯಾಗುವುದು ಅಪರೂಪ. ಚೋಳರ ಮಣಿಮಂಗಲದ ಶಾಸನವು ಇದನ್ನು ಚೋಳರ ಜಯವೆಂದು ಬರೆಯುತ್ತದೆ. 1071ರ ಗಾವರವಾಡ-ಅಣ್ಣಿಗೇರಿಯ ಕನ್ನಡ ಶಾಸನವಾದರೋ, ಬೆಳ್ವೊಲ ನಾಡಿನಲ್ಲಿ ಗಂಗ ಪೆರ್ಮಾಡಿಯು ಕಟ್ಟಿಸಿದ ಜಿನಾಲಯಗಳನ್ನು ಸುಟ್ಟ ಚೋಳನು ಕೊನೆಗೆ ತ್ರೈಲೋಕ್ಯಮಲ್ಲ ಸೋಮೇಶ್ವರನಿಗೆ ಯುದ್ಧದಲ್ಲಿ ತಲೆಯನ್ನೊಪ್ಪಿಸಿದನೆಂದು ಬರೆಯುತ್ತದೆ. ಎರಡರಲ್ಲಿಯೂ ಸುಳ್ಳಿಲ್ಲ. ಚೋಳರು ತಮ್ಮ ದೊರೆಯನ್ನು ಕಳೆದುಕೊಂಡರು. ಚಾಲುಕ್ಯರು ರಣಭೂಮಿಯನ್ನು ಕಳೆದುಕೊಂಡರು. ಶತ್ರುವಿನ ಚಕ್ರವರ್ತಿಯನ್ನೇ ಕೆಡಹಿದ ಸೈನ್ಯವು ಏಕೆ ಹಿಂದಿರುಗಿತು? ಅದು ಹೇಡಿತನವೋ, ವಿವೇಕವೋ? ಇಂತಹ ಸಮಯದಲ್ಲಿ ಹಿಂದಿರುಗುವುದು ಧರ್ಮಕ್ಕೆ ವಿರುದ್ಧವೋ, ಸಮ್ಮತವೋ?

ವಿರುದ್ಧವೆನ್ನುವವರ ವಾದವು ಬಲವುಳ್ಳದ್ದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಕ್ಷತ್ರಿಯನ ಸ್ವಭಾವಸಿದ್ಧವಾದ ಕರ್ಮಗಳನ್ನು ಎಣಿಸುವಾಗ, ಯುದ್ಧದಲ್ಲಿ ಪಲಾಯನ ಮಾಡದಿರುವುದನ್ನೂ ಅವುಗಳಲ್ಲಿ ಸೇರಿಸಿರುವನು. ಪ್ರಜೆಗಳು ಬೆಳೆದುದರಲ್ಲಿ ಅರಸನಿಗೆ ಪಾಲು ಕೊಡುವುದು ಏತಕ್ಕೆ? ಆಪತ್ತು ಬಂದ ದಿನ ಅವನು ಎದುರು ನಿಲ್ಲುವನೆಂಬ ನಂಬಿಕೆಯಿಂದ. ಆ ದಿನವೇ ಅವನು ಕುದುರೆಯ ಮುಖವನ್ನು ತಿರುಗಿಸಿದರೆ ಕೊಟ್ಟ ಪಾಲಿನ ಋಣ ತೀರುವುದು ಹೇಗೆ? ಇದಲ್ಲದೆ, ನಾಯಕನು ಹಿಂದೆಗೆದನೆಂದು ಕಂಡ ಕಾಲಾಳು ಮುಂದೆ ಯಾರ ಮಾತನ್ನು ನಂಬಿ ಪ್ರಾಣವನ್ನೊಡ್ಡುವನು? ಆದುದರಿಂದ ಸೋಲು ಕಣ್ಣೆದುರಿಗಿದ್ದರೂ ನಿಂತು ಮಡಿಯುವುದೇ ಲೇಸೆಂದು ಇವರು ಹೇಳುವರು.

ಇನ್ನೊಂದು ಪಕ್ಷದವರು ಹೇಳುವುದು ಬೇರೆ. ಅರಸನ ಮಾನವು ಅವನೊಬ್ಬನ ಸೊತ್ತು. ಸೈನಿಕರ ಪ್ರಾಣವು ಅವರವರ ಮನೆಗಳ ಸೊತ್ತು. ತನ್ನ ಮಾನವನ್ನುಳಿಸಿಕೊಳ್ಳಲು ಸಾವಿರ ಮನೆಗಳ ದೀಪವನ್ನಾರಿಸುವ ಅಧಿಕಾರವನ್ನು ಯಾವ ಶಾಸ್ತ್ರವೂ ಅರಸನಿಗೆ ಕೊಟ್ಟಿಲ್ಲ. ಗೆಲ್ಲುವ ಆಸೆ ಇರುವವರೆಗೆ ಕಾದುವುದು ಶೌರ್ಯ. ಆಸೆ ಸಂಪೂರ್ಣವಾಗಿ ಅಳಿದ ಮೇಲೆಯೂ ಇತರರನ್ನು ಕಾದಿಸುವುದು ಅವರ ಪ್ರಾಣದಿಂದ ತನ್ನ ಹೆಸರನ್ನು ಕೊಂಡುಕೊಂಡಂತೆ. ಚೋಳರ ಶಾಸನದಲ್ಲಿ ಅಂದು ಸೆರೆಸಿಕ್ಕ ಶತ್ರುಭಯಂಕರ, ಕರಭದ್ರ ಎಂಬ ಆನೆಗಳ ಹೆಸರುಗಳಿವೆ. ಬಿದ್ದ ನಾಯಕರ ಹೆಸರುಗಳೂ ಇವೆ. ಮಡಿದ ಕಾಲಾಳುಗಳ ಹೆಸರುಗಳಿಲ್ಲ. ಕಲ್ಲಿನ ಮೇಲೆ ಕಾಣದ ಆ ಜನರ ಲೆಕ್ಕವನ್ನು ಯಾರು ಇಡಬೇಕು? ಅವರನ್ನು ಕರೆತಂದವನೇ ಇಡಬೇಕಲ್ಲವೇ? ಇದು ಇವರ ವಾದ.

ಎರಡು ಪಕ್ಷಗಳೂ ‘ಹಿಂದಿರುಗುವುದು’ ಎಂಬ ಒಂದೇ ಮಾತನ್ನು ಹಿಡಿದುಕೊಂಡು ವಾದಿಸುತ್ತಿರುವುದರಿಂದ ಗೊಂದಲವುಂಟಾಗುತ್ತದೆ. ಪುರಾಣೇತಿಹಾಸಗಳನ್ನು ನೋಡಿದರೆ ಹಿಂದಿರುಗುವಿಕೆಯಲ್ಲಿ ಬೇರೆಬೇರೆ ಬಗೆಗಳಿರುವುದು ಸ್ಪಷ್ಟವಾಗುವುದು. ಅವುಗಳಲ್ಲಿ ಮೂರನ್ನು ಇಲ್ಲಿ ವಿಚಾರಿಸಿದರೆ ಸಾಕು.

ಮೊದಲನೆಯದು ವಿರಾಟಪುತ್ರ ಉತ್ತರನದು. ಅಂತಃಪುರದಲ್ಲಿ ಶೌರ್ಯವನ್ನು ಕೊಚ್ಚಿಕೊಂಡು ಹೊರಟವನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಕೌರವರು ಹಿಡಿದ ಗೋವುಗಳ ನೆನಪೂ ಅವನಿಗೆ ಉಳಿಯಲಿಲ್ಲ. ಬೃಹನ್ನಳೆಯ ವೇಷದ ಅರ್ಜುನನು ಬೆನ್ನಟ್ಟಿ ಹಿಡಿದು ತರಬೇಕಾಯಿತು. ಇದು ಭಯದ ಹಿಂದಿರುಗುವಿಕೆ.

ಎರಡನೆಯದು ದುರ್ಯೋಧನನದು. ಹದಿನೆಂಟು ದಿನಗಳ ಯುದ್ಧ ಮುಗಿದು, ಹನ್ನೊಂದು ಅಕ್ಷೌಹಿಣಿ ಅಳಿದ ಮೇಲೆ ಅವನು ಸರೋವರವನ್ನು ಹೊಕ್ಕನು. ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿದ್ದ ಮುಧೋಳ ಸೀಮೆಯ ರನ್ನನು ಈ ಪ್ರಸಂಗವನ್ನೇ ತನ್ನ ಗದಾಯುದ್ಧದ ತಿರುಳಾಗಿ ಮಾಡಿಕೊಂಡನು. ಶರಶಯ್ಯೆಯಲ್ಲಿದ್ದ ಭೀಷ್ಮನು ಸಂಧಿಯ ಮಾತನ್ನಾಡಿದರೂ ದುರ್ಯೋಧನನು ಒಪ್ಪಲಿಲ್ಲ. ವೈಶಂಪಾಯನ ಸರೋವರದಲ್ಲಿ ಅವನು ಅಡಗಿದುದು ಮರುದಿನ ಮತ್ತೆ ಕಾದುವುದಕ್ಕಾಗಿ. ಅವನ ಕಾಲುಗಳು ರಣದಿಂದ ಹೊರಗೆ ಬಂದಿದ್ದರೂ ಮನಸ್ಸು ಬಂದಿರಲಿಲ್ಲ. ಇದು ದ್ವೇಷದ ಹಿಂದಿರುಗುವಿಕೆ.

ಮೂರನೆಯದು ಸಾಕ್ಷಾತ್ ಶ್ರೀಕೃಷ್ಣನದು. ಜರಾಸಂಧನು ಮಥುರೆಯ ಮೇಲೆ ಹದಿನೇಳು ಬಾರಿ ದಂಡೆತ್ತಿ ಬಂದನು. ಹದಿನೇಳು ಬಾರಿಯೂ ಯಾದವರು ಅವನನ್ನು ಹಿಮ್ಮೆಟ್ಟಿಸಿದರು. ಹದಿನೆಂಟನೆಯ ಬಾರಿ ಕಾಲಯವನನೂ ಇನ್ನೊಂದು ಕಡೆಯಿಂದ ಬಂದಾಗ, ಇನ್ನು ಊರ ಜನ ಉಳಿಯುವುದಿಲ್ಲವೆಂದು ಕಂಡು, ಕೃಷ್ಣನು ಸಮುದ್ರದ ನಡುವೆ ದ್ವಾರಕೆಯನ್ನು ಕಟ್ಟಿಸಿ ಜನರನ್ನು ಅಲ್ಲಿಗೆ ಸಾಗಿಸಿದನೆಂದು ಭಾಗವತ ಹೇಳುತ್ತದೆ. ಜರಾಸಂಧನ ಕಣ್ಣು ತಪ್ಪಿಸಿ ದಕ್ಷಿಣಕ್ಕೆ ಬಂದ ಕೃಷ್ಣ-ಬಲರಾಮರು ಕರವೀರಪುರದ ಸಮೀಪ ಪರಶುರಾಮನನ್ನು ಕಂಡು, ಅವನ ಮಾತಿನಂತೆ ಗೋಮಂತ ಪರ್ವತಕ್ಕೆ ಹೋದ ಕಥೆ ಹರಿವಂಶದಲ್ಲಿದೆ. ಆ ಕರವೀರವೇ ಕೊಲ್ಹಾಪುರವೆಂಬುದು ಈ ಸೀಮೆಯ ಪರಂಪರೆ. ಮುಂದೆ ಸಭಾಪರ್ವದಲ್ಲಿ, ಜರಾಸಂಧನ ಭಯದಿಂದ ಮಥುರೆಯನ್ನು ಬಿಟ್ಟೆವೆಂದು ಕೃಷ್ಣನು ಧರ್ಮರಾಯನ ಮುಂದೆ ಮುಚ್ಚುಮರೆಯಿಲ್ಲದೆ ಹೇಳುವನು. ಗುಜರಾತದ ಡಾಕೋರಿನಲ್ಲಿ ಅವನಿಗೆ ರಣಛೋಡರಾಯನೆಂಬ ಹೆಸರಿನಿಂದಲೇ ಪೂಜೆ ಸಲ್ಲುತ್ತದೆ. ರಣವನ್ನು ಬಿಟ್ಟವನೆಂಬುದು ಅಲ್ಲಿ ಬೈಗುಳವಲ್ಲ, ದೇವರ ಬಿರುದು.

ಪಲಾಯನ ಮಾಡಬಾರದೆಂದು ಗೀತೆಯಲ್ಲಿ ಹೇಳಿದವನೂ, ರಣವನ್ನು ಬಿಟ್ಟು ಬಂದವನೂ ಒಬ್ಬನೇ ಎಂಬುದನ್ನು ವಾಚಕರು ಗಮನಿಸಬೇಕು. ಹಾಗಾದರೆ ಅವನ ಮಾತಿಗೂ ನಡತೆಗೂ ವಿರೋಧವಿದೆಯೇ? ಇಲ್ಲ. ತಾನು ಕಾಯಬೇಕಾದುದನ್ನು ಬೆನ್ನ ಹಿಂದೆ ಬಿಟ್ಟು ಓಡುವುದು ಪಲಾಯನ. ಕಾಯಬೇಕಾದುದನ್ನು ಜೊತೆಗೆ ಕರೆದುಕೊಂಡು, ಅದರ ಸಲುವಾಗಿಯೇ ಸ್ಥಳವನ್ನು ಬಿಡುವುದು ಪಲಾಯನವಲ್ಲ. ಉತ್ತರನು ಗೋವುಗಳನ್ನು ಬಿಟ್ಟು ಓಡಿದನು. ಕೃಷ್ಣನು ಮಥುರೆಯ ಗೋಡೆಗಳನ್ನು ಬಿಟ್ಟು ಮಥುರೆಯ ಜನರನ್ನು ಉಳಿಸಿದನು. ಆದುದರಿಂದ ಹಿಂದಿರುಗಿದವನನ್ನು ಕುರಿತು ಕೇಳತಕ್ಕ ಪ್ರಶ್ನೆಗಳು ಎರಡು: ಅವನು ಹಿಂದೆ ಬಿಟ್ಟುಬಂದುದು ಏನು? ಉಳಿಸಿಕೊಂಡುದರಿಂದ ಮುಂದೆ ಮಾಡಿದುದು ಏನು?

ಈ ಎರಡು ಪ್ರಶ್ನೆಗಳನ್ನು ಸೋಮೇಶ್ವರನಿಗೆ ಹಾಕಿದರೆ ಉತ್ತರವು ಪೂರ್ಣವಾಗಿ ಅವನ ಪರವಾಗಿ ಬರುವುದಿಲ್ಲ. ಸತ್ತಿಯವ್ವೆ, ಸಂಗಪ್ಪೆ ಎಂಬ ಅವನ ರಾಣಿಯರು ಕೊಪ್ಪದಲ್ಲಿ ಚೋಳರ ಕೈಸೇರಿದರೆಂದು ಚೋಳರ ಶಾಸನ ಹೇಳುತ್ತದೆ. ಗೆದ್ದವರು ಬರೆಯಿಸಿದ ಮಾತಾದರೂ ಅದನ್ನು ತಳ್ಳಿಹಾಕಲು ಕಾರಣ ಕಾಣುವುದಿಲ್ಲ. ಸೈನ್ಯವನ್ನುಳಿಸಲು ಹೋದವನು ಕೈಹಿಡಿದವರನ್ನು ಉಳಿಸಲಾರದೆ ಹೋದನು. ಇದು ಅವನ ಲೆಕ್ಕದಲ್ಲಿ ತೀರದೆ ಉಳಿದ ಬಾಕಿ. ಮುಂದಿನ ಯಾವ ಜಮೆಯೂ ಇದನ್ನು ಅಳಿಸಲಾರದು.

ಎರಡನೆಯ ಪ್ರಶ್ನೆಯ ಉತ್ತರ ಬೇರೆಯಾಗಿದೆ. ಕೊಪ್ಪದ ನಂತರ ಅವನು ಸುಮಾರು 14 ವರ್ಷ ರಾಜ್ಯವನ್ನಾಳಿದನು. ಚೋಳರು ಮತ್ತೆ ಮತ್ತೆ ಬಂದರು, ಕೂಡಲಸಂಗಮದಲ್ಲಿ ಮತ್ತೆ ಗೆದ್ದೆವೆಂದು ಬರೆಯಿಸಿದರು. ಆದರೂ ತುಂಗಭದ್ರೆಯ ಉತ್ತರದ ನಾಡು ಚಾಲುಕ್ಯರ ಕೈಬಿಡಲಿಲ್ಲ. ಜಯಸ್ತಂಭ ನೆಟ್ಟರೆಂದ ಅದೇ ಕೊಲ್ಹಾಪುರದಲ್ಲಿ ಚಾಲುಕ್ಯರ ಮಾಂಡಲಿಕರಾದ ಶಿಲಾಹಾರರು ಮುಂದಿನ ಶತಮಾನದಲ್ಲಿಯೂ ಆಳಿದರು. ಕೊಪ್ಪದಲ್ಲಿ ಸೋಮೇಶ್ವರನು ಹಟದಿಂದ ನಿಂತು ಸೈನ್ಯದೊಡನೆ ಮಡಿದಿದ್ದರೆ ಅವನ ಹೆಸರಿಗೆ ಒಂದು ವೀರಗಾಥೆ ಹೆಚ್ಚುತ್ತಿತ್ತು, ನಾಡಿಗೆ ಕಾವಲುಗಾರರಿರುತ್ತಿರಲಿಲ್ಲ.

ಅವನು ಸಾವಿಗೆ ಹೆದರಿದನೆನ್ನುವವರು ಅವನ ಕೊನೆಯನ್ನೂ ನೋಡಬೇಕು. 1068ರಲ್ಲಿ, ತೀರದ ಜ್ವರದಿಂದ ಬಳಲುತ್ತಿದ್ದ ಸೋಮೇಶ್ವರನು ಕುರುವತ್ತಿಯಲ್ಲಿ ತುಂಗಭದ್ರೆಯನ್ನು ತಾನೇ ನಡೆದುಹೊಕ್ಕು ದೇಹವನ್ನು ಬಿಟ್ಟನೆಂದು ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ವರ್ಣಿಸಿರುವನು. ಆ ಕಾಲದ ನಂಬಿಕೆಗೆ ಸೇರಿದ ಈ ಕೃತ್ಯವು ಇಂದಿನವರಿಗೆ ಅನುಕರಣೀಯವಲ್ಲ. ಆದರೆ ಹೀಗೆ ಸಾವನ್ನು ಎದುರುಗೊಂಡವನು ಕೊಪ್ಪದಲ್ಲಿ ಕೇವಲ ಜೀವದಾಸೆಯಿಂದ ಕುದುರೆ ತಿರುಗಿಸಿದನೆಂದು ನಂಬುವುದು ಕಷ್ಟ.

ಇಲ್ಲಿ ಮರೆಯಬಾರದ ಇನ್ನೊಂದು ಸಂಗತಿಯುಂಟು. ಗೆದ್ದ ಚೋಳರೂ ಹಿಂದಿರುಗಿದರು. ಕೃಷ್ಣಾತೀರದಿಂದ ಅವರ ರಾಜಧಾನಿ ಗಂಗೈಕೊಂಡಚೋಳಪುರವು ನೇರ ಅಳತೆಯಲ್ಲಿಯೇ 700 ಕಿಲೋಮೀಟರಿಗಿಂತ ದೂರ. ಅಷ್ಟು ದೂರದ ನಾಡಿನಲ್ಲಿ ಆನೆ ಕುದುರೆಗಳಿಗೆ ಮೇವು, ಸೈನಿಕರಿಗೆ ಕಾಳು ಒದಗಿಸಿಕೊಂಡು ವರ್ಷಗಟ್ಟಲೆ ನಿಲ್ಲುವುದು ಗೆದ್ದವರಿಗೂ ಸಾಧ್ಯವಿಲ್ಲದ ಕೆಲಸ. ಅಣ್ಣನನ್ನು ಕಳೆದುಕೊಂಡ ರಾಜೇಂದ್ರನು ಕಿರೀಟವನ್ನು ಧರಿಸಿ ಮನೆಯ ದಾರಿ ಹಿಡಿದನು. ರಾಜಾಧಿರಾಜನು ಹಿಂದೊಮ್ಮೆ ಕಲ್ಯಾಣವನ್ನು ಸುಟ್ಟು, ಅಲ್ಲಿಂದ ಹೊತ್ತೊಯ್ದ ದ್ವಾರಪಾಲಕನ ಮೂರ್ತಿಯು ತಮಿಳುನಾಡಿನಲ್ಲಿ ಉಳಿದಿದೆ. ತಂದವನ ಹೆಸರನ್ನು ಅದರ ಪೀಠದಲ್ಲಿ ಕೆತ್ತಿದ್ದಾರೆ. ಬಾಗಿಲ ಕಾವಲುಗಾರನನ್ನು ಕೊಂಡೊಯ್ದರು, ಬಾಗಿಲನ್ನು ಕೊಂಡೊಯ್ಯಲಾಗಲಿಲ್ಲ. ಹಿಂದಿರುಗುವುದು ಸೋತವರ ಪಾಲಿಗಷ್ಟೇ ಬರುವುದೆಂಬ ತಿಳಿವಳಿಕೆ ಸರಿಯಲ್ಲ.

ಈ ಸೀಮೆಯಲ್ಲಿಯೇ, ಆರು ನೂರು ವರ್ಷಗಳ ನಂತರ, ಹಿಂದಿರುಗಲೊಲ್ಲದ ಒಬ್ಬ ವೀರನ ಕಥೆಯೂ ನಡೆಯಿತು. ಗಡಹಿಂಗ್ಲಜ ತಾಲೂಕಿನ ನೇಸರಿಯಲ್ಲಿ ಶಿವಾಜಿ ಮಹಾರಾಜರ ಸರನೌಬತ ಪ್ರತಾಪರಾವ ಗುಜರರ ಸ್ಮಾರಕವಿದೆ. 1673ರ ಏಪ್ರಿಲಿನಲ್ಲಿ ಜತ್ತ ಸೀಮೆಯ ಉಮರಾಣಿಯಲ್ಲಿ ಪ್ರತಾಪರಾವರು ವಿಜಾಪುರದ ಸರದಾರ ಬಹಲೋಲಖಾನನ ಸೈನ್ಯವನ್ನು ಸುತ್ತುವರಿದು ನೀರಿನ ದಾರಿಯನ್ನು ಕಟ್ಟಿದರು. ಬೇಸಗೆಯ ಬಿಸಿಲಿನಲ್ಲಿ ನೀರಿಲ್ಲದೆ ಕಂಗೆಟ್ಟ ಖಾನನು ದಾರಿ ಬೇಡಿದನು. ಪ್ರತಾಪರಾವರು ಅವನನ್ನು ಹೋಗಗೊಟ್ಟರು. ಓಡುವವನನ್ನೂ ಶರಣು ಬಂದವನನ್ನೂ ಕೊಲ್ಲಲಾಗದೆಂದು ಶಾಂತಿಪರ್ವದಲ್ಲಿ ಭೀಷ್ಮನು ಹೇಳಿದ ಧರ್ಮಕ್ಕೆ ಇದು ಒಪ್ಪುವಂತಹುದೇ. ಆದರೆ ಖಾನನು ಮತ್ತೆ ದಂಡೆತ್ತಿ ಬಂದನು. ಮಹಾರಾಜರು ಕೋಪಗೊಂಡರು. ಖಾನನನ್ನು ಗೆಲ್ಲದೆ ಮುಖ ತೋರಿಸಬೇಡವೆಂಬ ಅರ್ಥದ ಮಾತನ್ನು ಬರೆದು ಕಳುಹಿದರೆಂದು ಬಖರಿನಲ್ಲಿದೆ. ಪ್ರಜೆಗಳ ಊರುಗಳು ಮತ್ತೆ ಲೂಟಿಗೆ ಗುರಿಯಾಗುವುದನ್ನು ಕಂಡ ರಾಜನಿಗೆ ಆ ಕೋಪವು ತಕ್ಕುದೇ ಆಗಿತ್ತು.

ಆ ಮಾತು ಪ್ರತಾಪರಾವರ ಎದೆಯಲ್ಲಿ ನಾಟಿತು. 1674ರ ಫೆಬ್ರುವರಿ 24ರಂದು ನೇಸರಿಯಲ್ಲಿ ಖಾನನ ಸೈನ್ಯವನ್ನು ಕಂಡೊಡನೆ, ತಮ್ಮ ಸೈನ್ಯವನ್ನು ಕಾಯದೆ, ಆರು ಜನ ಸಂಗಡಿಗರೊಡನೆ ನುಗ್ಗಿದರೆಂದೂ, ಏಳು ಜನರೂ ಮಡಿದರೆಂದೂ ಪರಂಪರೆ ಹೇಳುತ್ತದೆ. ಕುಸುಮಾಗ್ರಜರು ಈ ಏಳು ಜನರನ್ನು ಕುರಿತು ಬರೆದ ಮರಾಠಿ ಕವಿತೆಯು ಲತಾ ಮಂಗೇಶಕರರ ಕಂಠದಿಂದ ಮನೆಮನೆಗೆ ಮುಟ್ಟಿದೆ. ಕನ್ನಡ ಮರಾಠಿಗಳೆರಡನ್ನೂ ಆಡುವ ಈ ಸೀಮೆಯಲ್ಲಿ ಆ ಹಾಡನ್ನು ಕೇಳಿ ಕಣ್ಣು ತೇವಗೊಳ್ಳದವರು ವಿರಳ.

ಅವರ ಶೌರ್ಯದ ಮುಂದೆ ತಲೆಬಾಗುತ್ತಲೇ ಒಂದು ಮಾತನ್ನು ವಿಚಾರಿಸಬೇಕು. ಏಳು ಜನರು ಒಂದು ಸೈನ್ಯವನ್ನು ಗೆಲ್ಲಲಾರರೆಂಬುದು ಅನುಭವಿಯಾದ ಸೇನಾಪತಿಗೆ ತಿಳಿಯದ ಸಂಗತಿಯಲ್ಲ. ಸೈನ್ಯವು ಆ ದಿನ ತನ್ನ ನಾಯಕನನ್ನು ಕಳೆದುಕೊಂಡಿತು. ಆದರೆ ಅವರು ತಮ್ಮ ಅಭಿಮಾನದ ಸಲುವಾಗಿ ಸಾವಿರಾರು ಜನರನ್ನು ಸಾವಿನ ಬಾಯಿಗೆ ನಡೆಸಲಿಲ್ಲವೆಂಬುದೂ ನಿಜ. ಉಳಿದ ಸೈನ್ಯವನ್ನು ಆನಂದರಾವರು ಚದುರಗೊಡದೆ ಹಿಡಿದು, ಮುಂದಿನ ತಿಂಗಳಲ್ಲಿಯೇ ಖಾನನ ಜಹಗೀರಿನ ಸಂಪಗಾವಿಯವರೆಗೆ ನಡೆಸಿದರು. ಹಂಬೀರರಾವ ಮೋಹಿತೆಯವರು ಹೊಸ ಸರನೌಬತರಾದರು. ಅದೇ ವರ್ಷದ ಜೂನ್ 6ರಂದು ರಾಯಗಡದಲ್ಲಿ ಮಹಾರಾಜರ ಪಟ್ಟಾಭಿಷೇಕ ನಡೆಯಿತು. ಪ್ರತಾಪರಾವರ ಮಗಳನ್ನು ಮಹಾರಾಜರು ತಮ್ಮ ಮಗ ರಾಜಾರಾಮರಿಗೆ ತಂದುಕೊಂಡರು. ಹಿಂದಿರುಗಿದ ಸೋಮೇಶ್ವರನೂ ಹಿಂದಿರುಗದ ಪ್ರತಾಪರಾವರೂ ಎಷ್ಟೇ ಭಿನ್ನರಾಗಿ ಕಂಡರೂ ಒಂದು ವಿಷಯದಲ್ಲಿ ಸಮಾನರು. ಇಬ್ಬರ ಸೈನ್ಯವೂ ಮರುದಿನಕ್ಕೆ ಉಳಿಯಿತು.

ನೇಸರಿಯ ಕಥೆಯಲ್ಲಿ ಮನಸ್ಸನ್ನು ಕಲಕುವುದು ಇನ್ನೊಂದು ಸಂಗತಿ. ಉಮರಾಣಿಯಲ್ಲಿ ಶತ್ರುವಿಗೆ ಹಿಂದಿರುಗುವ ದಾರಿಯನ್ನು ಬಿಟ್ಟುಕೊಟ್ಟವರಿಗೆ, ನೇಸರಿಯಲ್ಲಿ ಸ್ವತಃ ಹಿಂದಿರುಗುವ ದಾರಿಯಿರಲಿಲ್ಲ. ಆ ದಾರಿಯನ್ನು ಕಟ್ಟಿದುದು ಶತ್ರುವಿನ ಸೈನ್ಯವಲ್ಲ. ತನ್ನವರ ಮುಂದೆ ಮುಖ ತೋರಿಸುವುದು ಹೇಗೆಂಬ ಚಿಂತೆ. ಖಿದ್ರಾಪುರದ ಗರ್ಭಗುಡಿಯಲ್ಲಿ ಕೋಪಗೊಂಡವನ ಪಕ್ಕದಲ್ಲಿ ಕೋಪವನ್ನಿಳಿಸುವವನೂ ಕುಳಿತಿರುವನು. ನೇಸರಿಯ ಬಯಲಿನಲ್ಲಿ ಪ್ರತಾಪರಾವರ ಕುದುರೆಯ ಲಗಾಮನ್ನು ಹಿಡಿದು, ಸೈನ್ಯ ಬರುವವರೆಗೆ ತಾಳಿರೆಂದು ಹೇಳುವವರೊಬ್ಬರು ಇದ್ದಿದ್ದರೆ ಏನಾಗುತ್ತಿತ್ತೋ!

ಹಾಗೆಂದ ಮಾತ್ರಕ್ಕೆ ಎಲ್ಲ ಕಾಲದಲ್ಲಿಯೂ ಹಿಂದಿರುಗುವುದೇ ಧರ್ಮವೆಂದು ಯಾರೂ ತಿಳಿಯಬಾರದು. ಈ ನಾಡಿನ ಹಳ್ಳಿಗಳಲ್ಲಿ ಗುಡಿಯ ಮುಂದೆ, ಅಗಸೆಯ ಬಳಿ ನಿಂತಿರುವ ವೀರಗಲ್ಲುಗಳನ್ನು ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಇಂತಹ ಕಲ್ಲುಗಳಲ್ಲಿ ಅನೇಕವು ತುರುಗಳನ್ನು ಕಾಯಲು, ಊರನ್ನು ಉಳಿಸಲು ಮಡಿದವರವು. ಅವರಿಗೆ ಹಿಂದಿರುಗಲು ಸ್ಥಳವಿರಲಿಲ್ಲ. ಅವರ ಬೆನ್ನ ಹಿಂದೆಯೇ ಊರಿತ್ತು, ಹಟ್ಟಿಯಿತ್ತು, ತೊಟ್ಟಿಲಿತ್ತು. ಒಂದು ಹೆಜ್ಜೆ ಸರಿದರೆ ಶತ್ರುವಿನ ಕತ್ತಿ ಮಕ್ಕಳ ಮೇಲೆ ಬೀಳುವಂತಿದ್ದಲ್ಲಿ ನಿಂತು ಮಡಿಯುವುದೇ ಧರ್ಮ. ಕಲ್ಲಿನ ಶಾಸನಗಳು ಹೆಸರಿಸದ ಕಾಲಾಳುಗಳನ್ನು ಊರಿನವರು ಹೀಗೆ ಹೆಸರಿಟ್ಟೋ, ಹೆಸರಿಲ್ಲದೆಯೋ ಕಲ್ಲಿನಲ್ಲಿಯೇ ನಿಲ್ಲಿಸಿದರು. ನಿಂತವನಿಗೂ ಹಿಂದಿರುಗಿದವನಿಗೂ ಅನ್ವಯಿಸುವ ಪ್ರಶ್ನೆ ಒಂದೇ: ಬೆನ್ನ ಹಿಂದೆ ಯಾರಿದ್ದರು?

ಅರಸರ ಕಾಲ ಮುಗಿದರೂ ಈ ಪ್ರಶ್ನೆ ಮುಗಿದಿಲ್ಲ. ಹೊಲದ ಬದುವಿನ ಅರ್ಧ ಗುಂಟೆಯ ತಕರಾರಿಗಾಗಿ ಅಣ್ಣತಮ್ಮಂದಿರು ದಾವೆ ಹೂಡುವುದು ಯಾವ ಹಳ್ಳಿಯಲ್ಲಿಲ್ಲ? ಕೆಳಗಿನ ಕೋರ್ಟಿನಲ್ಲಿ ಸೋತವನು ಅಪೀಲಿಗೆ ಹೋಗುವನು. ಅಲ್ಲಿಯೂ ಸೋತರೆ ಇನ್ನೂ ಮೇಲಕ್ಕೆ ಹೋಗುವನು. ವಕೀಲರ ಫೀ, ಬಸ್ಸಿನ ಖರ್ಚು, ಕಾಗದಪತ್ರದ ಖರ್ಚು ಕೂಡಿಸಿದರೆ ಬದುವಿನ ಬೆಲೆಯ ಹತ್ತು ಪಟ್ಟು ಆಗುವುದು. ಎಮ್ಮೆ ಮಾರುವುದು, ಮಗಳ ಓದು ನಿಲ್ಲುವುದು, ಕೊನೆಗೆ ಬದುವಿಗಾಗಿ ಹೊಲವೇ ಅಡವು ಬೀಳುವುದು. ಉತಾರದಲ್ಲಿ ಹೆಸರು ಯಾರದೇ ಉಳಿದರೂ ಮನೆಯ ಶಿಲ್ಕು ಸೊನ್ನೆ. ಅವನು ಕಾಯಬೇಕಾದ ಮನೆಯು ಬೆನ್ನ ಹಿಂದೆ ಉರಿಯುತ್ತಿರುವಾಗ ಅವನು ಎದುರಿನ ಬದುವನ್ನೇ ನೋಡುತ್ತಿರುವನು. ಒಳಗೊಳಗೆ ಅವನಿಗೂ ಇದು ತಿಳಿದಿರುವುದು. ತಿಳಿದೂ ಹಿಂದಿರುಗಲಾರನು, ಏಕೆಂದರೆ ಕಟ್ಟೆಯ ಮೇಲೆ ಕುಳಿತವರು ‘ಸೋತು ಬಂದ’ ಎಂದು ನಗುವರೆಂಬ ಅಂಜಿಕೆ.

ಆದುದರಿಂದ ಈ ವಿಚಾರದಲ್ಲಿ ಹಿಂದಿರುಗುವವನ ಧರ್ಮವು ಎಷ್ಟು ಮುಖ್ಯವೋ, ನೋಡುತ್ತಿರುವವರ ಧರ್ಮವೂ ಅಷ್ಟೇ ಮುಖ್ಯ. ಸೋತವನಿಗೆ ಊರೊಳಗೆ ಬರಲು ದಾರಿಯನ್ನು ಬಿಡುವುದು, ಬಂದವನನ್ನು ಹಳೆಯ ಮಾತಿನಿಂದ ಚುಚ್ಚದಿರುವುದು, ಕೋಪದಿಂದ ಹೊರಟವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಅವನ ಕೈಹಿಡಿಯುವುದು — ಇವು ಶಸ್ತ್ರವಿಲ್ಲದ ಜನರು ಮಾಡಬಹುದಾದ ರಕ್ಷಣೆಯ ಕೆಲಸಗಳು. ಕೊಪ್ಪದಿಂದ ಹಿಂದಿರುಗಿದ ದೊರೆಯನ್ನು ಅವನ ನಾಡು ಹೊರಗೆ ನಿಲ್ಲಿಸಲಿಲ್ಲ. ದ್ವಾರಕೆಗೆ ಹೊರಟವನ ಹಿಂದೆ ಮಥುರೆಯ ಜನರು ದೂರದೆ ನಡೆದರು. ಇಂದು ಯಾವ ಊರಿನಲ್ಲಿಯಾದರೂ ಒಬ್ಬನು ದಾವೆಯ ಕಾಗದಗಳನ್ನು ಮಡಿಚಿಟ್ಟು ತಮ್ಮನ ಮನೆಯ ಕಡೆಗೆ ಹೊರಟರೆ, ಕಟ್ಟೆಯ ಮೇಲಿನ ಹಿರಿಯರು ನಗದೆ ಎದ್ದುನಿಂತು ಅವನ ಜೊತೆಗೆ ನಾಲ್ಕು ಹೆಜ್ಜೆ ನಡೆಯಬೇಕು.